ಬಂದದ್ದು, ಬರಬೇಕಾದದ್ದು

ಮುಂಬಯಿಯ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕನ್ನಡದಲ್ಲೇ ಕಾಫಿ ಕೇಳಿ ನೋಡಿ. ಮಾಣಿ ಇನ್ನೂ ಮೂರು ಮೇಜು ಆಚೆಗಿರುತ್ತಾನೆ, ಆದರೂ "ಬಂದೆ ಸಾರ್" ಅನ್ನುತ್ತಾನೆ. ನಾವೂ ಅಷ್ಟೆ, ಹೊರಡುವಾಗ "ಬರ್ತೇನೆ" ಅನ್ನುತ್ತೇವೆ. ಹೋಗುವವನು ಬರ್ತೇನೆ ಅಂದನಲ್ಲಾ ಎಂದು ಯಾರೂ ನಗುವುದಿಲ್ಲ. ಕಾಲದ ಜೊತೆ ಇಷ್ಟು ಸಲಿಗೆಯಿಂದ ಬೆಳೆದ ನಾವು ಕಾಲೇಜಿನಲ್ಲಿ ಇಂಗ್ಲಿಷಿಗೆ ಬಾಯಿ ತೆರೆದರೆ ಮಾತ್ರ ಹಿಂದಿನ ಬೆಂಚಿನಲ್ಲಿ ನಗು!

ನಾಮಪದದ್ದೂ ಇದೇ ಗೋಳು. ನಮ್ಮಲ್ಲಿ ಒಂದು ಇಡ್ಲಿ, ಎರಡು ಇಡ್ಲಿ, ಹತ್ತು ಇಡ್ಲಿ. ಲೆಕ್ಕ ಹೇಳಿದ ಮೇಲೆ 'ಗಳು' ಯಾಕೆ? ಇಂಗ್ಲಿಷಿನಲ್ಲಿ ಎರಡು ಅಂದ ಮೇಲೂ 'ಎಸ್' ಬೇಕು. ಹಾಗಂತ ಹತ್ತು ಪೆಟ್ಟಿಗೆ ಹೊತ್ತರೂ 'ಲಗೇಜಿ'ಗೆ ಎಸ್ ಇಲ್ಲ. ಒಂದೇ ಕತ್ತರಿ ಇದ್ದರೂ ಅದು 'ಸಿಸರ್ಸ್'. ನಮ್ಮ ಕಾಮರ್ಸಿನ 'ಗೂಡ್ಸ್'ಗೆ ಎಸ್ ಬಿಡುವಂತಿಲ್ಲ, 'ಗುಡ್‌ವಿಲ್'ಗೆ ಹಚ್ಚುವಂತಿಲ್ಲ.

ಇದು ಬರೀ ನಗೆಯ ಮಾತಲ್ಲ. ನನ್ನ ಖೋಲಿಯ ಗೆಳೆಯ ಬೆಳಿಗ್ಗೆ ಕಾಲೇಜು ಮುಗಿಸಿ, ಆಮೇಲೆ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಒಂದು ಕಂಪನಿಯ ಇಂಟರ್‌ವ್ಯೂದಲ್ಲಿ "ಐ ವರ್ಕ್ಡ್ ದೇರ್ ತ್ರೀ ಇಯರ್ಸ್" ಅಂದ. "ಮತ್ತೆ ಬಿಟ್ಟದ್ದು ಯಾಕೆ?" ಎಂದು ಕೇಳಿದರು. ಬಿಟ್ಟೇ ಇಲ್ಲ! ಹಿಂದಿನ ರಾತ್ರಿಯೂ ಗಲ್ಲಾ ಎಣಿಸಿಯೇ ಮಲಗಿದ್ದ. "ಹ್ಯಾವ್ ಬೀನ್ ವರ್ಕಿಂಗ್" ಅನ್ನಲಿಲ್ಲ, ಅಷ್ಟೆ. ಕೆಲಸ ಬೇರೆಯವರಿಗೆ ಹೋಯಿತು.

ಅವನಿಗೆ ಕಾಲದ ಭೇದ ತಿಳಿಯದೆ? "ಮೂರು ವರ್ಷ ಮಾಡಿದೆ" ಅಂದರೆ ಮುಗಿಯಿತು, "ಮೂರು ವರ್ಷದಿಂದ ಮಾಡ್ತಿದ್ದೇನೆ" ಅಂದರೆ ಇನ್ನೂ ನಡೆದಿದೆ. ನಮ್ಮ ಊರಿನ ಸಣ್ಣ ಹುಡುಗರಿಗೂ ಇದು ಗೊತ್ತು. ಜಮಾಖರ್ಚಿನಲ್ಲಿ ಬಂದ ಬಾಡಿಗೆ 'ರಿಸೀವ್ಡ್', ಬರಬೇಕಾದದ್ದು 'ರಿಸೀವಬಲ್'. ಅದನ್ನು ಅವನು ಅದಲುಬದಲು ಮಾಡಿದ್ದನ್ನು ನಾನು ಕಂಡಿಲ್ಲ. ಅಂದರೆ ಕೊರತೆ ತಿಳಿವಳಿಕೆಯದಲ್ಲ. 'ಪ್ರೆಸೆಂಟ್ ಪರ್ಫೆಕ್ಟ್' ಎಂಬ ಹೆಸರನ್ನು ಬಾಯಿಪಾಠ ಮಾಡಿಸಿದರು. "ನೀನು ಮನೆಯಲ್ಲಿ ಹೀಗಂತೀ ನೋಡು, ಅದಕ್ಕೆ ಅವರು ಹಾಗಂತಾರೆ" ಎಂದು ಯಾರೂ ಹೇಳಿಕೊಡಲಿಲ್ಲ.

ಈಗ ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಹಳೇ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು ಬರೆಯುತ್ತೇವೆ, ಡೆಬಿಟ್ಟು ಕ್ರೆಡಿಟ್ಟಿನ ಹಾಗೆ. ಎರಡು ಕಡೆಯೂ ತಾಳೆಯಾದರೆ ಅವತ್ತಿಗೆ ಲಾಭ. ಬರುವ ತಿಂಗಳು ಅವನಿಗೆ ಇನ್ನೊಂದು ಇಂಟರ್‌ವ್ಯೂ ಇದೆ. ಸಂಘದ ಗೆಳೆಯರು ಯಾರಾದರೂ ಜೊತೆಗೆ ಕೂರುವುದಾದರೆ ಬನ್ನಿ. ಖೋಲಿ ಸಣ್ಣದು, ಚಾಪೆ ದೊಡ್ಡದಿದೆ.