ಅಮರಗನ್ನಡದ ಊರಿಗೆ

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಎಂಟು. ನಮ್ಮ ತುಮಕೂರಿನ ಲೆಕ್ಕದಲ್ಲಿ ಇದು ನಡುಮಧ್ಯಾಹ್ನದ ಬಿಸಿಲು. ಊರೆಲ್ಲ ಆಡುವ ನುಡಿ ಸಾಲದೆ ತಮ್ಮದೇ ಒಂದನ್ನು ಕಟ್ಟಿಕೊಂಡ ಸಂತರ ಸೀಮೆಯಿದು ಎಂದು ಕೇಳಿ ಹೊರಟವನು, ಶಹಾಪುರದ ಬಸ್ಸು ಹತ್ತಿದ್ದೇನೆ. ಕಾಲ ಮೇಲೆ ಯಾರದೋ ತೊಗರಿ ಚೀಲ. ತೆಗೆಯಿರಿ ಎಂದರೆ, "ಇರ್ಲಿ ಬಿಡ್ರಿ, ಶಾಪುರದಾಗ ಇಳಸ್ತೀನಿ" ಎಂಬ ಅಭಯ.

ಶಹಾಪುರ ಹತ್ತಿರವಾಗುತ್ತಲೇ ಅರ್ಧ ಬಸ್ಸು ಕಿಟಕಿಯತ್ತ ಬೆರಳು ಚಾಚುತ್ತದೆ. "ಮದಲ ಮೂಗು ಹುಡುಕ್ರೀ ಸರ, ಉಳದದ್ದು ತಾನ ಕಾಣ್ತದ." ಹುಡುಕುತ್ತೇನೆ. ಮೂಗು ಸಿಕ್ಕಿದ್ದೇ ತಡ ಹಣೆ, ಗಲ್ಲ, ಎದೆ ಎಲ್ಲ ಮೂಡಿ, ಯಾರೂ ಕಡೆಯದ ಬುದ್ಧ ಗುಡ್ಡದ ಉದ್ದಕ್ಕೂ ಮಲಗಿಬಿಡುತ್ತಾನೆ!

ಅಲ್ಲಿಂದ ವಿಭೂತಿಹಳ್ಳಿ. ಬೃಹತ್ ಶಿಲಾಯುಗದ ಜನ ಬಯಲಲ್ಲಿ ಸಾಲುಸಾಲಾಗಿ, ಅಳತೆಗೆಡದಂತೆ ಗುಂಡುಗಳನ್ನು ಇಟ್ಟು ಹೋಗಿದ್ದಾರೆ. ಯಾರಿಗೆ ಏನು ಹೇಳಿದರೋ! ನಡುವೆ ನಿಂತು ಸುತ್ತ ತಿರುಗಿದರೆ ಕಲ್ಲಿನ ಸಾಲು ಪ್ರತಿ ದಿಕ್ಕಿಗೂ ಬೇರೆಯಾಗಿ ತೆರೆದುಕೊಳ್ಳುತ್ತದೆ. ನನ್ನ ಟೋಪಿ ಮಾತ್ರ ಗಾಳಿಗೆ ಹಾರಿ ಜಾಲಿಮುಳ್ಳಿಗೆ ಸಿಕ್ಕಿತು.

ಸುರಪುರದ ಗುಡ್ಡದ ನೆತ್ತಿಯಲ್ಲಿ ಟೇಲರ್ ಮಂಜಿಲ್. 1839ರಲ್ಲಿ ಠಕ್ಕರ ಮೇಲೆ ಕಾದಂಬರಿ ಬರೆದ ಮೆಡೋಸ್ ಟೇಲರ್ ಮುಂದೆ ಇಲ್ಲಿ ಅಧಿಕಾರಿಯಾಗಿದ್ದ. ಆ ಠಕ್ಕರಿಗೂ ತಮ್ಮೊಳಗೇ ಆಡಿಕೊಳ್ಳುವ ರಾಮಸಿ ಎಂಬ ಗುಪ್ತಭಾಷೆಯಿತ್ತು. ಅದು ಕೊರಳಿಗೆ ಕುಣಿಕೆ ಹಾಕುವವರ ಭಾಷೆ. 1858ರಲ್ಲಿ ಬ್ರಿಟಿಷರ ಮೇಲೆ ದಂಗೆಯೆದ್ದ ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಇದೇ ಟೇಲರ್‌ನನ್ನು 'ಅಪ್ಪಾ' ಎನ್ನುತ್ತಿದ್ದನಂತೆ. ಅರಸುಮಗ ಪರದೇಶಿ ಅಧಿಕಾರಿಯನ್ನು ಕರೆಯಲು ಯಾವ ದರ್ಬಾರಿನ ರೀತಿಯೂ ಹೇಳಿಕೊಡದ ಮಾತು ಅದು.

ತಿಂಥಣಿಯ ಬಸ್ಸು "ಈಗ ಬರ್ತದ್ರಿ" ಎನ್ನುತ್ತ ಎನ್ನುತ್ತ ಎರಡು ಚಹಾ ಮುಗಿಯಿತು. ಕೃಷ್ಣೆಯ ದಡದ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹೆಸರಲ್ಲೇ ಮೌನವಿದ್ದರೂ ವಚನ ಹಾಡಿದವನು. ಜಯಘೋಷ ಕೇಳುತ್ತ ನಿಂತೆ: ಉರ್ದು, ಕನ್ನಡ ಕಲಸಿ, ಲಕ್ಷದ ಎಂಬತ್ತು ಸಾವಿರ ಪೀರರನ್ನು ಒಂದೇ ಉಸಿರಿನಲ್ಲಿ ಎಣಿಸುತ್ತದೆ. ಇದು ಯಾವ ಭಾಷೆ ಎಂದು ಕೇಳುವುದು ನನ್ನಂಥ ಹೊರಗಿನವನಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಕೊನೆಗೆ ಕೊಡೇಕಲ್. ಇಲ್ಲಿನ ಬಸವಣ್ಣ ಹದಿನಾರನೆಯ ಶತಮಾನದವನು, ಕಲ್ಯಾಣದ ಬಸವಣ್ಣನಲ್ಲ. ಬರುವ ಕಾಲವನ್ನು ನುಡಿಯುವ ಈ ಪರಂಪರೆಯ ಕಾಲಜ್ಞಾನ ಉಳಿದಿರುವುದು ಅಮರಗನ್ನಡ ಎಂಬ ಗೂಢಲಿಪಿಯಲ್ಲಿ. ನಾಳೆಯ ಸುದ್ದಿಯನ್ನು ಬರೆದಿಡುವುದು, ಓದಲು ಬಾರದಂತೆಯೂ ಮಾಡುವುದು! ಅರಸರ ಕಣ್ಣಿಗೆ ಬೀಳದಿರಲೆಂದೋ, ಅವಸರದವರ ಕೈಗೆ ಸಿಗದಿರಲೆಂದೋ? ನನಗೆ ಎರಡನೆಯದೇ ಹಿತವೆನಿಸಿತು. ಬಾಗಿ ಓದಿದವನಿಗಷ್ಟೇ ಬಾಗಿಲು.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರಿಗೆ ನಮ್ಮ ಬಾಲ್ಯದ 'ಕ' ಭಾಷೆಯ ಕಥೆ ಹೇಳಿದೆ: ಅಕ್ಷರಕ್ಕೊಂದು 'ಕ' ಹಚ್ಚಿ ಮನೆಯ ದೊಡ್ಡವರನ್ನು ಪೇಚಿಗೆ ಸಿಕ್ಕಿಸುತ್ತಿದ್ದುದು. "ಮುತ್ಯಾ, ಇಲ್ಲೂ ಇತ್ತೇನ್ರಿ?" ಎಂದೆ. ಅವರು ಬೊಚ್ಚುಬಾಯಿ ಅಗಲಿಸಿ, ತಡವರಿಸದೆ, "ಕಊ ಕಟ ಕಮಾ ಕಡ್ರಿ" ಎಂದರು. ನಾನು ಬಿಡಿಸಿ 'ಊಟ' ಎನ್ನುವಷ್ಟರಲ್ಲಿ ಅವರ ಮೊಮ್ಮಗಳು ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟಾಗಿತ್ತು.