ಐವರು ಕಳ್ಳರಿಗೆ ಒಬ್ಬಳು ಅಜ್ಜಿ ಬೇಕಾಗಿದ್ದಾಳೆ!

ಐದು ಜನ ಕಳ್ಳರು, ಒಬ್ಬಳು ಮುದುಕಿ. ಕಳ್ಳರ ತಲೆಯಲ್ಲಿ ಭಾರೀ ಪ್ಲ್ಯಾನು, ಮುದುಕಿಯ ಕೈಯಲ್ಲಿ ಬರೀ ಚಹಾದ ಕಪ್ಪು. ಕೊನೆಗೆ ಉಳಿಯೋರು ಯಾರು ಹೇಳಿ?

1955ರಲ್ಲಿ ಬ್ರಿಟನ್ನಿನ ಈಲಿಂಗ್ ಸ್ಟುಡಿಯೋ ತೆಗೆದ ‘ದಿ ಲೇಡಿಕಿಲ್ಲರ್ಸ್’ ನೋಡಿದವರಿಗೆ ಉತ್ತರ ಗೊತ್ತು. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್. ಕಥೆಗಾರ ವಿಲಿಯಂ ರೋಸ್‌ಗೆ ಈ ಕಥೆ ಕನಸಿನಲ್ಲಿ ಬಿತ್ತಂತೆ! ಲಂಡನ್ನಿನ ರೈಲು ಸುರಂಗದ ನೆತ್ತಿಯ ಮೇಲೆ ಒಂದು ಹಳೇ ಮನೆ. ಸಂಗೀತಗಾರರ ವೇಷದಲ್ಲಿ ಬಂದು ಬಾಡಿಗೆಗೆ ಇಳಿಯುವ ಕಳ್ಳರು ಒಳಗೆ ಗ್ರಾಮಫೋನ್ ಹಚ್ಚಿ ದರೋಡೆಯ ಲೆಕ್ಕ ಹಾಕ್ತಾರೆ. ಕದ್ದ ದುಡ್ಡಿನ ಪೆಟ್ಟಿಗೆಯನ್ನು ಏನೂ ಅರಿಯದ ಮುದುಕಿಯೇ ಮನೆಗೆ ತರ್ತಾಳೆ. ಗುಟ್ಟು ರಟ್ಟಾದ ಮೇಲೆ ಅವಳನ್ನು ಮುಗಿಸಲು ಹೊರಟವರು ಒಬ್ಬರನ್ನೊಬ್ಬರು ಮುಗಿಸಿಕೊಂಡು, ಒಬ್ಬೊಬ್ಬರಾಗಿ ಕೆಳಗಿನ ಗೂಡ್ಸ್ ಗಾಡಿಗೆ ಬೀಳ್ತಾರೆ. ಸಾವಿನ ಮೇಲೆ ಸಾವು, ಆದರೂ ನಗು ತಡೆಯೋಕಾಗಲ್ಲ!

ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕನಾಗಿರೋ ಸಿಂಧನೂರಿನ ಗೆಳೆಯ ಫೋನ್ ಮಾಡಿದ: “ಇದನ್ನ ನಮ್ ಕಡೀಗೆ ತಗೀಬೇಕಲೇ. ಒಂದು ಸುತ್ತು ಜಾಗ ನೋಡ್ಕೊಂಡು ಬಾ.” ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಬಗ್ಗೆ ಬರೆದು ಬದುಕೋನಿಗೆ ಇಂಥ ಕೆಲಸ ಸಿಕ್ಕರೆ ಬಿಡ್ತಾನೆಯೇ? ಹೊರಟೇಬಿಟ್ಟೆ.

ಲಿಂಗಸೂಗೂರು: ಕದಿಯೋದೇನು?

ದರೋಡೆ ಅಂದ ಮೇಲೆ ಮಾಲು ಬೇಕಲ್ಲ? ಅದಕ್ಕೆ ಲಿಂಗಸೂಗೂರು ತಾಲೂಕಿನ ಹಟ್ಟಿ ಇದೆ. ‘ಕೆ.ಜಿ.ಎಫ್’ಗೆ ಸೀಟಿ ಹೊಡೆದ ತಮ್ಮಂದಿರೇ, ಕೋಲಾರದ ಆ ಗಣಿ 2001ರಲ್ಲೇ ಮುಚ್ಚಿತು. ನಿಜಾಮರ ಕಾಲದಲ್ಲಿ, 1947ರಲ್ಲಿ ಕಂಪನಿಯಾದ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೀತಾರೆ.

ಸಿನಿಮಾದಲ್ಲಾದರೆ ಚಿನ್ನ ಇಟ್ಟಂಗಿಯ ಹಾಗೆ ಪೇರಿಸಿರ್ತದೆ. ಇಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗೋದು ಕೆಲವೇ ಗ್ರಾಂ! ಅಲ್ಲೇ ನಮ್ಮ ಹಾಸ್ಯ ಹುಟ್ಟಬೇಕು. ನಮ್ಮ ಐವರು ಮಹಾಶಯರು ರಾತ್ರೋರಾತ್ರಿ ಹತ್ತು ಟನ್ನಿನ ಲಾರಿಯನ್ನೇ ಹಾರಿಸ್ತಾರೆ. ಬೆಳಗಾದ ಮೇಲೆ ನೋಡಿದರೆ ಲಾರಿ ತುಂಬ ಕಲ್ಲು! ಅರೆಯೋಕೆ ಗಿರಣಿ ಇಲ್ಲ, ಅರೆದರೂ ಮೂರೋ ನಾಲ್ಕೋ ತೊಲ. ಅದನ್ನು ಹಂಚಿಕೊಳ್ಳೋದಕ್ಕೆ ಐದು ಕೊಲೆ!

ಮಸ್ಕಿ: ಅಜ್ಜಿಯ ಮನೆ

ಲಿಂಗಸೂಗೂರಿನಿಂದ ಮಸ್ಕಿಗೆ ಕೆಂಪು ಬಸ್ಸು. ಕಾಲಿಡಲು ಜಾಗವಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಊರೂರಿನ ಅಜ್ಜಿಯರು ಬಸ್ಸಿನ ಒಡತಿಯರು. ಮಡಿಲಲ್ಲಿ ಗಂಟು ಇಟ್ಟುಕೊಂಡ ಒಬ್ಬ ಮುದುಕಿ ನನ್ನನ್ನೇ ನೋಡಿ, “ಏಳಪ್ಪಾ, ಆ ಬಸುರಿ ಹೆಣಮಗಳಿಗೆ ಜಾಗ ಬಿಡು” ಅಂದಳು. ಎದ್ದೆ. ಮುಂದಿನ ಸೀಟಿನ ಇಬ್ಬರು ಹುಡುಗರೂ ಹೇಳಿಸಿಕೊಳ್ಳದೆ ಎದ್ದರು!

ನನಗೆ ಚಿತ್ರದ ಅರ್ಧ ಅಲ್ಲೇ ಸಿಕ್ಕಿತು. ಪೊಲೀಸರು ಕಾರು, ಬೈಕು ಎಲ್ಲ ತಡೆದು ಹುಡುಕ್ತಾರೆ. ಪುಕ್ಕಟೆ ಟಿಕೆಟಿನ ಅಜ್ಜಿಯ ಗಂಟು ಬಿಚ್ಚಿಸುವ ಗಂಡು ಯಾವನಿದ್ದಾನೆ?

ಮಸ್ಕಿಯ ಬೆಟ್ಟದ ಬುಡದ ಓಣಿಯಲ್ಲಿ ಅವಳ ಮಾಳಿಗೆ ಮನೆ ಇರಲಿ. ಬಾಗಿಲು ಗಿಡ್ಡ. ಕಳ್ಳರ ಗುರು ಬಂದಾಗೆಲ್ಲ ತಲೆ ಬಡಿಸಿಕೊಳ್ಳಬೇಕು. ಅವನು ಭಜನಾ ಮಂಡಳಿಯ ಹಾರ್ಮೋನಿಯಂ ಮಾಸ್ತರನ ವೇಷದಲ್ಲಿರ್ತಾನೆ. ಒಳಗೆ ಮೊಬೈಲಿನಲ್ಲಿ ಭಜನೆ ಹಚ್ಚಿ ನಕ್ಷೆ ಬಿಡಿಸ್ತಿದ್ದರೆ ಅಜ್ಜಿ ಚಾ ಹಿಡಿದು ಬಂದು, ಗೋಡೆಗೆ ಒರಗಿ ಕೂತು, ತಾನೂ ತತ್ವಪದ ಶುರು ಮಾಡ್ತಾಳೆ. “ಪದ ಅರ್ಧಕ್ಕ ಬಿಡಬಾರದಪ್ಪಾ, ಹಿಡೀರಿ ತಾಳ!” ಅಂತಾಳೆ. ಬೆಳಗಿನ ಜಾವದವರೆಗೆ ದರೋಡೆ ಬಂದ್!

ಓಣಿ ದಾಟಿ ಅಶೋಕನ ಬಂಡೆ ನೋಡಲು ಹೋದೆ. 1915ರಲ್ಲಿ ಇದನ್ನು ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಚಿನ್ನದ ಕಸುಬಿನವನ ಕಣ್ಣಿಗೆ ಬಿದ್ದದ್ದು ಅಕ್ಷರ! ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು. ಅದರ ಜೊತೆ ‘ಅಶೋಕ’ ಎಂಬ ಹೆಸರೂ ಸಿಕ್ಕಿದ್ದು ಇಲ್ಲೇ ಮೊದಲು. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಮೇಲಿನದು ದಕ್ಕುತ್ತದೆ ಎಂಬುದು ಅದರ ಸಾರ. ನಮ್ಮ ಅಜ್ಜಿಯ ಕಥೆಯೂ ಅದೇ ತಾನೆ?

ಸಿಂಧನೂರು: ಹೆಣ ಎಲ್ಲಿ?

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು, ಭತ್ತದ ಊರು. ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ಎಲ್ಲ ಕಿವಿಗೆ ಬೀಳ್ತಾವೆ. 2024ರಲ್ಲಿ ರೈಲೂ ಬಂತು. ಆದರೆ ಹೆಣ ಸಾಗಿಸೋಕೆ ಲಂಡನ್ನಿನ ಹಾಗೆ ಗಳಿಗೆಗೊಂದು ಗೂಡ್ಸ್ ಬೇಕಲ್ಲ! ಕಾಲುವೆಗೆ ಎಸೆಯೋಣವೇ? ನೀರೇ ಕೊನೆ ಭಾಗಕ್ಕೆ ಮುಟ್ಟಲ್ಲ ಅಂತ ರೈತರು ರಸ್ತೆಗಿಳಿಯುವ ಕಡೆ ಹೆಣ ಎಲ್ಲಿ ಮುಟ್ಟೀತು?

ಅಷ್ಟರಲ್ಲಿ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟಿನ ಲಾರಿ ಹೊರಬಂತು. ಗರ್ಭಿಣಿ ಆನೆಯಂತೆ ಎರಡೂ ಪಕ್ಕ ಉಬ್ಬಿ, ರಸ್ತೆ ತುಂಬಿಕೊಂಡು ಹೊರಟಿತು. ಹಿಂದೆ ಇನ್ನೊಂದು. ಆ ಹೊಟ್ಟು ಹೋಗೋದು ಬಾಯ್ಲರಿಗೆ, ಇಟ್ಟಂಗಿ ಬಟ್ಟಿಗೆ. ಐವರಿಗೂ ಮೆತ್ತನೆ ಹಾಸಿಗೆ!

ಮೊದಲು ಅಜ್ಜಿ, ಆಮೇಲೆ ಹೀರೋ

ರೀಮೇಕ್ ಅಂದರೆ ಇಷ್ಟೇ ಸ್ವಾಮೀ, ಆ ಊರಿನ ಗೂಡ್ಸ್ ಗಾಡಿಗೆ ನಮ್ಮೂರಿನ ಹೊಟ್ಟಿನ ಲಾರಿ ಹುಡುಕೋದು. 2004ರಲ್ಲಿ ಕೋಯೆನ್ ಸಹೋದರರು ಇದೇ ಕಥೆಯನ್ನು ಅಮೆರಿಕದ ಮಿಸಿಸಿಪ್ಪಿಗೆ ಒಯ್ದಾಗ ರೈಲಿನ ಬದಲು ಕಸದ ದೋಣಿ ತಂದರು. ಶಂಕರ್‌ನಾಗ್ 1987ರಲ್ಲಿ ಸ್ಟೈನ್‌ಬೆಕ್‌ನ ಮುತ್ತಿನ ಕಥೆಯನ್ನು ರಾಜ್‌ಕುಮಾರ್‌ಗೆ ಒಪ್ಪಿಸಿ ‘ಒಂದು ಮುತ್ತಿನ ಕಥೆ’ ಮಾಡಿದಾಗಲೂ ಇಂಥದೇ ಸಾಹಸ.

ಇನ್ನೊಂದು ಮಾತು. ಹಳೇ ಚಿತ್ರದಲ್ಲಿ ಅಲೆಕ್ ಗಿನ್ನೆಸ್, ಪೀಟರ್ ಸೆಲ್ಲರ್ಸ್ ಇದ್ದರೂ ಬ್ರಿಟಿಷ್ ಅಕಾಡೆಮಿಯ ನಟಿ ಪ್ರಶಸ್ತಿ ಹೋಗಿದ್ದು ಎಪ್ಪತ್ತು ದಾಟಿದ ಕೇಟಿ ಜಾನ್ಸನ್‌ಗೆ. ಹೊಸದರಲ್ಲಿ ಟಾಮ್ ಹ್ಯಾಂಕ್ಸ್ ಇದ್ದರೂ ಕಾನ್ ಚಿತ್ರೋತ್ಸವದ ಜ್ಯೂರಿ ಗೌರವ ಪಡೆದವಳು ಅಜ್ಜಿ ಪಾತ್ರದ ಇರ್ಮಾ ಪಿ. ಹಾಲ್. ಗಾಂಧಿನಗರ ಮೊದಲು ಹೀರೋ ಡೇಟ್ಸ್ ಕೇಳ್ತದೆ. ಅಜ್ಜಿಯನ್ನು ಹೀರೋನ ತಾಯಿ ಮಾಡಿ, ಎರಡು ಸೀನಿನಲ್ಲಿ ಅಳಿಸಿ ಕಳಿಸ್ತದೆ. ನಮ್ಮ ರಾಯಚೂರು ಕಡೆಯ ಮಾತು ಬಹಳ ಸಲ ತೆರೆಗೆ ಬಂದದ್ದು ಪಕ್ಕದ ಪಾತ್ರ ನಗಿಸೋದಕ್ಕೆ. ಈ ಚಿತ್ರದಲ್ಲಿ ಶುದ್ಧ ಪುಸ್ತಕದ ಕನ್ನಡ ಆಡೋ ಗುರುವನ್ನು ನೋಡಿ ಜನ ನಗಲಿ. ಅಜ್ಜಿ ನಮ್ಮ ಮಾತೇ ಆಡಲಿ, ಯಾರೂ ನಗದಿರಲಿ.

ರಾತ್ರಿ ಸಿಂಧನೂರು ಬಸ್‌ಸ್ಟ್ಯಾಂಡಿನಿಂದ ಗೆಳೆಯನಿಗೆ ಫೋನ್ ಮಾಡಿದೆ. “ಜಾಗ ಸಿಕ್ಕಾವು, ಲಾರಿ ಸಿಕ್ಕಾವು. ಹೀರೋನ ಆಮೇಲೆ ನೋಡೋಣು. ಮೊದಲು ಮಸ್ಕಿ ಬಸ್ ಹತ್ತಿ ಅಜ್ಜೀನ ಹುಡುಕು.”

ಅವನು ಕೇಳಿದ್ದು ಒಂದೇ ಪ್ರಶ್ನೆ: “ನಿರ್ಮಾಪಕ ಒಪ್ತಾನೇನಲೇ?”

ಓದುಗ ಮಿತ್ರರೇ, ನೀವು ಟಿಕೆಟ್ ತಗೊಂಡರೆ ಅವನೂ ಒಪ್ತಾನೆ!