ಹದಿಮೂರನೆಯ ಚಾನೆಲ್

ನನ್ನ ತಾಯಿ ಮೊದಲನೆಯ ಸಲ ಪಿಟ್ಸ್‌ಬರ್ಗಿಗೆ ಬಂದದ್ದು 1981ರ ಮೇ ತಿಂಗಳಲ್ಲಿ. ತಿಪಟೂರಿನಿಂದ ಹೊರಟು ಬೆಂಗಳೂರು, ಬೊಂಬಾಯಿ, ನ್ಯೂಯಾರ್ಕ್ ದಾಟಿ ಮನ್ರೋವಿಲ್ಲಿನ ನಮ್ಮ ಮನೆ ಮುಟ್ಟುವ ಹೊತ್ತಿಗೆ ಅವರ ಬಳಿ ಇದ್ದ ಇಂಗ್ಲಿಷು ಮೂರೇ ಮಾತು: ಎಸ್, ನೋ, ವೆಜಿಟೇರಿಯನ್. ನಾನೂ ನನ್ನ ಶ್ರೀಮತಿಯೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಉಳಿಯುತ್ತಿದ್ದವರು ಅಮ್ಮ ಮತ್ತು ಆರು ವರ್ಷದ ನಮ್ಮ ಮಗ, ಜೊತೆಗೆ ಒಂದು ಹಳೆಯ ಟೀವಿ. ಆ ಪೆಟ್ಟಿಗೆಯಲ್ಲಿ ಅಮ್ಮನಿಗೆ ಸರಿಬಂದದ್ದು ಒಂದೇ ಚಾನೆಲ್ಲು, ಹದಿಮೂರು. ಉಳಿದವುಗಳಲ್ಲೆಲ್ಲ ಯಾರೋ ಯಾರನ್ನೋ ಹೊಡೆಯುತ್ತಿರುತ್ತಾರೆ, ಇಲ್ಲವೇ ಸೋಪು ಮಾರುತ್ತಿರುತ್ತಾರೆ ಎಂಬುದು ಅವರ ದೂರು.

ಒಂದು ಸಂಜೆ ನಾನು ಬೂಟು ಬಿಚ್ಚದೆ ಅಡಿಗೆಮನೆಯ ತನಕ ಹೋಗಿಬಿಟ್ಟೆ. ಅಮ್ಮ ಗದರಿದರು: "ಆ ಟೀವಿಯವನನ್ನ ನೋಡಿ ಕಲಿಯೋ. ಒಳಗೆ ಬಂದ ತಕ್ಷಣ ಜೋಡು ಬಿಡ್ತಾನೆ, ಬಟ್ಟೆ ಬದಲಾಯಿಸ್ತಾನೆ, ಮೀನಿಗೆ ಊಟ ಹಾಕ್ತಾನೆ. ಒಳ್ಳೇ ಮನೆತನದೋನು."

ಆ ಒಳ್ಳೆಯ ಮನೆತನದವರು ಬೇರೆ ಯಾರೂ ಅಲ್ಲ, ಫ್ರೆಡ್ ರಾಜರ್ಸ್. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸಿದ ಯಾವ ಮನೆಗೂ ಅವರ ಪರಿಚಯ ಹೇಳಬೇಕಾಗಿಲ್ಲ. ಆದರೆ ಅವರು ನಮ್ಮೂರಿನವರು, ನಲವತ್ತು ಮೈಲಿ ದೂರದ ಲೇಟ್ರೋಬಿನಲ್ಲಿ 1928ರಲ್ಲಿ ಹುಟ್ಟಿದವರು, ಆ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಫಿಫ್ತ್ ಅವೆನ್ಯೂದಲ್ಲಿ, ನಾವು ಲೈಬ್ರರಿಗೆ ಹೋಗುವ ದಾರಿಯ ಆಚೀಚೆಯಲ್ಲಿ, ಎಂಬುದು ನನಗೇ ಬಹಳ ದಿನ ಗೊತ್ತಿರಲಿಲ್ಲ. ಮಾತು ಗೊತ್ತಿಲ್ಲದ ಅಮ್ಮನಿಗೆ ಅವರು ಅರ್ಥವಾದದ್ದು ಹೇಗೆ? ನಿಧಾನವಾಗಿ ಮಾತಾಡುತ್ತಿದ್ದರು, ಮಾಡುವುದನ್ನೇ ಹೇಳುತ್ತಿದ್ದರು, ಹೇಳುವುದನ್ನೇ ಮಾಡುತ್ತಿದ್ದರು. ಮೀನಿಗೆ ಆಹಾರ ಹಾಕುವಾಗ ಈಗ ಹಾಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ರೂಢಿ ಬಂದದ್ದು ಒಬ್ಬ ಕುರುಡು ಹುಡುಗಿಯ ಪತ್ರದಿಂದ. ನೀವು ಹೇಳದಿದ್ದರೆ ಮೀನು ಹಸಿದಿದೆಯೋ ಏನೋ ಎಂದು ನನಗೆ ಚಿಂತೆಯಾಗುತ್ತದೆ ಎಂದು ಆ ಮಗು ತಿಳಿಸಿತ್ತಂತೆ. ಕಣ್ಣಿಲ್ಲದ ಹುಡುಗಿಗಾಗಿ ಆಡಿದ ಮಾತು ಭಾಷೆಯಿಲ್ಲದ ನನ್ನ ತಾಯಿಗೂ ಒದಗಿತು.

ಕ್ಯಾನ್ವಾಸ್ ಜೋಡಿನ ಗುಟ್ಟನ್ನೂ ನಾನು ಎಲ್ಲಿಯೋ ಓದಿ ಅಮ್ಮನಿಗೆ ಹೇಳಿದೆ. ಹಿಂದಿನ ಒಂದು ಕಾರ್ಯಕ್ರಮದಲ್ಲಿ ಪರದೆಯ ಹಿಂದೆ ಓಡಾಡಿ ಗೊಂಬೆ ಆಡಿಸಬೇಕಾಗಿತ್ತು, ಬೂಟು ಹಾಕಿಕೊಂಡರೆ ಟಕಟಕ ಸದ್ದಾಗುತ್ತಿತ್ತು, ಅದಕ್ಕೇ ಮೆತ್ತನೆಯ ಜೋಡು, ಎಂದು. ಅಮ್ಮ ಒಪ್ಪಲಿಲ್ಲ. ಸ್ವೆಟರುಗಳನ್ನು ಅವರ ತಾಯಿಯೇ ಹೆಣೆದುಕೊಟ್ಟಿದ್ದು ಎಂದದ್ದನ್ನು ಮಾತ್ರ ಕೂಡಲೇ ಒಪ್ಪಿದರು. "ಅದು ಕಂಡರೇ ಗೊತ್ತಾಗುತ್ತಲ್ಲ" ಎಂದರು.

ಈ ಸ್ಟೇಷನ್ನಿನ ಹುಟ್ಟು ನಮ್ಮಂಥ ಕೂಟಗಳವರು ತಿಳಿಯಬೇಕಾದದ್ದು. ಡಬ್ಲ್ಯೂಕ್ಯೂಇಡಿ 1954ರ ಏಪ್ರಿಲ್ 1ರಂದು ಪ್ರಸಾರಕ್ಕೆ ಬಂತು. ಹೆಸರಿನ ಕೊನೆಯ ಮೂರು ಅಕ್ಷರ ನಾವು ರೇಖಾಗಣಿತದ ಪ್ರಮೇಯಗಳ ಕೆಳಗೆ ಬರೆಯುತ್ತಿದ್ದವೇ. ಅದಕ್ಕೆ ಮುಂಚೆ ಹ್ಯೂಸ್ಟನ್ನಿನಲ್ಲಿ ಒಂದು ಶೈಕ್ಷಣಿಕ ಸ್ಟೇಷನ್ ಬಂದಿತ್ತು, ಆದರೆ ಅದು ವಿಶ್ವವಿದ್ಯಾನಿಲಯದ್ದು. ಊರಿನ ಜನ ತಾವೇ ಸೇರಿ ನಡೆಸಿದ ಮೊದಲನೆಯದು ನಮ್ಮೂರಿನದು. ಮೇಯರ್ ಡೇವಿಡ್ ಲಾರೆನ್ಸ್ ಆಸೆಪಟ್ಟರು, ಗಾಜಿನ ಕಂಪನಿಯ ವಕೀಲ ಲೀಲೆಂಡ್ ಹ್ಯಾಜರ್ಡ್ ಓಡಾಡಿದರು, ಮನೆಮನೆಗಳಿಂದ ಎರಡೆರಡು ಡಾಲರ್ ಎತ್ತಿದರು. ಊರಲ್ಲಿ ರಾಮೋತ್ಸವದ ಪಟ್ಟಿ ಎತ್ತುತ್ತಾರಲ್ಲ, ಹಾಗೆ. 1955ರಲ್ಲಿಯೇ ಪ್ರಾಥಮಿಕ ಶಾಲೆಯ ತರಗತಿಗಳಿಗೆ ಪಾಠ ಪ್ರಸಾರ ಮಾಡಿದರು. ಮರುವರ್ಷ ಬರ್ಕ್‌ಲಿಯಿಂದ ಹಾರ್ವಿ ವೈಟ್ ಎಂಬ ಪ್ರೊಫೆಸರನ್ನು ಕರೆತಂದು ಹೈಸ್ಕೂಲಿನ ಇಡೀ ವರ್ಷದ ಭೌತಶಾಸ್ತ್ರವನ್ನು ಪಾಠ ಮಾಡಿಸಿದರು.

ಮತ್ತೆ ಅಮ್ಮನ ಮಾತಿಗೆ ಬರುತ್ತೇನೆ. ಆ ಬೇಸಿಗೆಯಲ್ಲಿ ರಾಜರ್ಸ್ ಅವರು ಬಣ್ಣದ ಕಡ್ಡಿ, ಅಂದರೆ ಕ್ರೆಯಾನು, ಹೇಗೆ ತಯಾರಾಗುತ್ತದೆ ಎಂದು ಈಸ್ಟನ್ನಿನ ಕಾರ್ಖಾನೆಯ ಚಿತ್ರ ತೋರಿಸಿದರು. ಮೇಣ ಕರಗಿಸಿ, ಬಣ್ಣ ಕಲಸಿ, ಅಚ್ಚಿಗೆ ಹುಯ್ದು, ತಣ್ಣಗಾದ ಮೇಲೆ ಎಬ್ಬಿಸುವುದು. ಅಮ್ಮ ಮತ್ತು ಮೊಮ್ಮಗ ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದರಂತೆ. ಮುಗಿದ ಮೇಲೆ ಅಮ್ಮ ಅವನನ್ನು ಕೂರಿಸಿಕೊಂಡು, "ನಮ್ಮೂರಲ್ಲಿ ಕೊಬ್ಬರಿ ಹೇಗೆ ಮಾಡ್ತೀವಿ ಗೊತ್ತೇನೋ?" ಎಂದು ಶುರುಮಾಡಿದರು. ನಾನು ಬಂದಾಗಲೂ ಕತೆ ನಡೆದೇ ಇತ್ತು. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುವುದು, ತಿಂಗಳುಗಟ್ಟಲೆ ಅಲ್ಲೇ ಬಿಡುವುದು, ಕೆಳಗಿನಿಂದ ಹೊಗೆ ಹಾಕುವುದು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವುದು, ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗುಂಡು ಗಡಗಡ ಎನ್ನುವುದು. ಅಮ್ಮ ಕೈಯಲ್ಲಿ ಇಲ್ಲದ ಕಾಯನ್ನು ಕಿವಿಯ ಹತ್ತಿರ ಅಲುಗಿಸಿ ತೋರಿಸುತ್ತಿದ್ದರು. ಮಗ ಬಗ್ಗಿ ಕೇಳಿಸಿಕೊಳ್ಳುತ್ತಿದ್ದ. ನಾನು ಟಪಾಲು ನೋಡುತ್ತ ಅರ್ಧಂಬರ್ಧ ಕೇಳಿಸಿಕೊಂಡೆ. ಗೊತ್ತಿರುವ ಕತೆಯಲ್ಲವೇ!

ಅಮ್ಮ ಎರಡನೆಯ ಸಲ ಬಂದದ್ದು 1985ರ ವಸಂತದಲ್ಲಿ. ಆಗ ಸ್ಟೇಷನ್ನಿನ ದೇಣಿಗೆ ಎತ್ತುವ ವಾರ. ಆ ದಿನಗಳನ್ನು ಕಂಡವರಿಗೆ ನೆನಪಿರಬೇಕು. ಒಳ್ಳೆಯ ಕಾರ್ಯಕ್ರಮ ರಂಗೇರುತ್ತಿರುವಾಗಲೇ ನಿಲ್ಲಿಸಿ, ಹಣ ಕೊಡಿ, ಕಾಫಿ ಲೋಟ ಕೊಡುತ್ತೇವೆ, ಬಟ್ಟೆ ಚೀಲ ಕೊಡುತ್ತೇವೆ ಎಂದು ಗೋಗರೆಯುತ್ತಿದ್ದರು. ಫೋನು ತೆಗೆದುಕೊಳ್ಳಲು ಒಂದೊಂದು ರಾತ್ರಿ ಒಂದೊಂದು ಸಂಘದವರು. ಒಂದು ರಾತ್ರಿ ನಾವು ಹತ್ತು ಜನ ಕನ್ನಡಿಗರು ಹೋದೆವು. ಹೆಂಗಸರು ರೇಷ್ಮೆ ಸೀರೆ, ಗಂಡಸರು ಟೈ. ಕ್ಯಾಮೆರಾ ಸೀರೆಗಳ ಮೇಲೆ ನಿಮಿಷಗಟ್ಟಲೆ ತಂಗಿತು, ಟೈಗಳ ಮೇಲೆ ಜಾರಿಹೋಯಿತು. ನನ್ನ ಪಾಲಿಗೆ ಒಬ್ಬ ಮುದುಕಿ ಸಿಕ್ಕಿದರು. ಎಲ್ಲಿಯವನು ನೀನು ಎಂದರು. ಮನ್ರೋವಿಲ್ ಎಂದೆ. ಅದಕ್ಕೆ ಮುಂಚೆ ಎಂದರು. ಸ್ಕ್ವಿರಲ್ ಹಿಲ್ ಎಂದೆ. ನಕ್ಕುಬಿಟ್ಟರು. ಐದು ಡಾಲರ್ ಬರೆಸಿ, ತಮ್ಮ ಹುಡುಗಿತನದ ಟ್ರಾಲಿ ಸವಾರಿಯ ಕತೆ ಇಪ್ಪತ್ತು ನಿಮಿಷ ಹೇಳಿದರು. ಮನೆಗೆ ಬಂದರೆ ಅಮ್ಮನ ಪ್ರಶ್ನೆ: "ಎಲ್ಲರೂ ಬರೀತಿದ್ರು, ನೀನೊಬ್ಬ ನಗ್ತಾ ಕೂತಿದ್ದೆ. ಯಾರೋ ಅದು ಫೋನಿನಲ್ಲಿ?"

ಆ ವರ್ಷವೇ ನಡೆದ ಇನ್ನೊಂದು ಸಂಗತಿ ಇದೆ. ನಾಲ್ಕು ದಶಕ ನಾನು ಯಾರಿಗೂ ಹೇಳಿಕೊಂಡಿಲ್ಲ.

ಮಗನಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಮನೆಯ ಅಥವಾ ನೆರೆಯ ಹಿರಿಯರೊಬ್ಬರನ್ನು ಕೂರಿಸಿ, ಅವರ ಬದುಕಿನ ಕತೆ ಕೇಳಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರಬೇಕು, ಟೀವಿಯವರ ಹಾಗೆ. ಮಗ ಅಜ್ಜಿಯನ್ನು ಕೇಳುತ್ತೇನೆ ಎಂದ. ಬೇಡ ಎಂದೆ. ಅಜ್ಜಿ ಹೇಳುವುದು ಕನ್ನಡದಲ್ಲಿ, ತರಗತಿಯಲ್ಲಿ ಯಾರಿಗೆ ತಿಳಿಯುತ್ತೆ, ಪಕ್ಕದ ಮನೆಯ ತಾತನನ್ನು ಕೇಳು, ಅವರು ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ದುಡಿದವರು, ಅದು ಈ ಊರಿನ ಚರಿತ್ರೆ ಎಂದೆ. ಇದು ಬಾಯಲ್ಲಿ ಹೇಳಿದ ಕಾರಣ. ಒಳಗಿದ್ದ ಕಾರಣ ಬೇರೆ. ಅಟ್ಟ, ಹೊಗೆ, ತೆಂಗಿನಕಾಯಿ, ಇವನ್ನೆಲ್ಲ ಆ ಮಕ್ಕಳ ಮುಂದೆ ಆಡಿಸುವುದು ನನಗೆ ಬೇಕಿರಲಿಲ್ಲ. ಅನುವಾದ ಮಾಡಿಕೊಡು ಎಂದು ಮಗ ಕೇಳಿದ್ದ. ಸಮಯವಿಲ್ಲ ಎಂದಿದ್ದೆ. ಅಮ್ಮ ಅಲ್ಲಿಯೇ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಏನೂ ಅನ್ನಲಿಲ್ಲ.

ಪಕ್ಕದ ಮನೆಯವರು ಸ್ಲೊವಾಕ್ ಮೂಲದವರು, ಸಾಧು ಮನುಷ್ಯ. ನಮ್ಮ ಅಡಿಗೆಮನೆಯ ಮೇಜಿನ ಮುಂದೆ ಕೂತು ಮುಕ್ಕಾಲು ಗಂಟೆ ಮಾತಾಡಿದರು. ಮಗನಿಗೆ ಒಳ್ಳೆಯ ಅಂಕ ಬಂತು. ಮರುವರ್ಷ, 1986ರಲ್ಲಿ, ಹೋಮ್‌ಸ್ಟೆಡ್ ಕಾರ್ಖಾನೆಗೆ ಬೀಗ ಬಿತ್ತು. 1988ರಲ್ಲಿ ಅಮ್ಮ ತಿಪಟೂರಿನಲ್ಲಿ ತೀರಿಕೊಂಡರು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಹೊತ್ತಿಗೇ ರಿಕ್ ಸೀಬ್ಯಾಕ್ ಎಂಬ ನಿರ್ಮಾಪಕರು ಹದಿಮೂರರಲ್ಲಿ ಊರಿನ ಚರಿತ್ರೆಯ ಚಿತ್ರಗಳನ್ನು ತೋರಿಸಲು ಶುರುಮಾಡಿದ್ದರು. 1988ರಲ್ಲಿ ಕೆನಿವುಡ್ ಪಾರ್ಕಿನ ನೆನಪುಗಳು. 1990ರಲ್ಲಿ ಈಗ ಇಲ್ಲದ ವಸ್ತುಗಳನ್ನು ಕುರಿತದ್ದು. ರಾಜರಿಲ್ಲ, ಯುದ್ಧವಿಲ್ಲ. ಮುಚ್ಚಿಹೋದ ಅಂಗಡಿ, ಕೆಡವಿದ ಆಟದ ಮೈದಾನ, ಅವನ್ನು ನೆನೆಯುವ ಸಾಮಾನ್ಯ ಜನ, ಅಷ್ಟೇ. ಪಕ್ಕದ ಮನೆಯವರು ಆಗ ವಿಧುರರು. ನಮ್ಮಲ್ಲಿಗೇ ಬಂದು ನೋಡುತ್ತಿದ್ದರು. 1960ರಲ್ಲಿ ಫೋರ್ಬ್ಸ್ ಫೀಲ್ಡಿನಲ್ಲಿ ಬಿಲ್ ಮ್ಯಾಜರಾಸ್ಕಿ ಹೊಡೆದ ಹೋಮ್ ರನ್ನನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, 1971ರಲ್ಲಿ ಊರಿಗೆ ಬಂದ ನಾನು ಅದನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಬಲ್ಲೆ.

ಸೇತುವೆಗಳ ಮೇಲಿನ ಚಿತ್ರ ನನಗೆ ಎಲ್ಲಕ್ಕಿಂತ ಹಿಡಿಸಿತು. ಅಲಿಗೇನಿ ನದಿಯ ಮೇಲಿನ ಫೋರ್ಟ್ ಡುಕೇನ್ ಸೇತುವೆಯನ್ನು 1963ರಲ್ಲಿ ಕಟ್ಟಿ ಮುಗಿಸಿದರು, ಆದರೆ ಆ ದಡದಲ್ಲಿ ಇಳಿಯುವ ದಾರಿ ಕಟ್ಟಲಿಲ್ಲ. ಆರು ವರ್ಷ ಅದು ಗಾಳಿಯಲ್ಲೇ ನಿಂತಿತ್ತು. 1964ರ ಡಿಸೆಂಬರಿನಲ್ಲಿ ಕಾಲೇಜು ಹುಡುಗನೊಬ್ಬ ಅಡ್ಡಗಟ್ಟೆಗಳನ್ನು ಮುರಿದುಕೊಂಡು ಕಾರು ಓಡಿಸಿ, ಆಚೆ ದಡದಲ್ಲಿ ತಲೆಕೆಳಗಾಗಿ ಬಿದ್ದು, ಏನೂ ಆಗದೆ ಎದ್ದು ಬಂದ. ನಮ್ಮ ಕೂಟದ ಹಳಬರು ಈ ದೇಶಕ್ಕೆ ಬಂದ ಬಗೆಯೂ ಹೆಚ್ಚುಕಡಿಮೆ ಅದೇ.

ಆದರೆ ಈ ಚಿತ್ರಗಳಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಎಂದು ನನಗೆ ಅನ್ನಿಸುತ್ತಿತ್ತು. ಅದೇ ಸ್ಟೇಷನ್ನು 1968ರಿಂದ ಬ್ಲ್ಯಾಕ್ ಹೊರೈಜನ್ಸ್ ಎಂಬ ಕಾರ್ಯಕ್ರಮವನ್ನೂ ನಡೆಸುತ್ತಿತ್ತು. ಕರಿಯರ ಬದುಕು, ಶಾಲೆ, ಸಂಗೀತ, ರಾಜಕೀಯ ಎಲ್ಲ ಅಲ್ಲಿ ಬರುತ್ತಿದ್ದವು. ನಾವು ಸಂಗೀತ ಕಚೇರಿ, ಸರ್ಕಸ್ಸು ಎಂದು ಹೋಗುತ್ತಿದ್ದ ಗುಮ್ಮಟದ ಸಿವಿಕ್ ಅರೀನಾ 1961ರಲ್ಲಿ ತೆರೆಯುವುದಕ್ಕೆ ಮುಂಚೆ ಹಿಲ್ ಡಿಸ್ಟ್ರಿಕ್ಟಿನ ಸುಮಾರು 8000 ಜನರ ಮನೆ ಹೋಗಿತ್ತು. ಈಗ ಆ ಅರೀನಾವೂ ಇಲ್ಲ. ಊರಿನ ಬಗ್ಗೆ ಮೋಹ ಹುಟ್ಟಿಸಿದ್ದೂ ಮುಜುಗರ ಹುಟ್ಟಿಸಿದ್ದೂ ಅದೇ ಹದಿಮೂರು. ಎರಡನ್ನೂ ಒಂದೇ ಕಡೆ ಕಂಡದ್ದರಿಂದ ನಾನು ಈ ಊರಿನವನಾದೆ ಅಂದುಕೊಂಡಿದ್ದೇನೆ.

ರಾಜರ್ಸ್ ಅವರು 2003ರ ಫೆಬ್ರವರಿ 27ರಂದು ಹೋದರು. 1969ರಲ್ಲಿ ಸಾರ್ವಜನಿಕ ಟೀವಿಯ ಎರಡು ಕೋಟಿ ಡಾಲರನ್ನು ಅರ್ಧಕ್ಕಿಳಿಸಲು ಸರ್ಕಾರ ಹೊರಟಾಗ, ಇವರೇ ಸೆನೇಟಿನ ಸಮಿತಿಯ ಮುಂದೆ ಕೂತು ಆರೇಳು ನಿಮಿಷ ಅದೇ ಮೆಲುದನಿಯಲ್ಲಿ ಮಾತಾಡಿ, ಪಾಸ್ಟೋರೆ ಎಂಬ ಖಡಕ್ ಸೆನೇಟರನ್ನು ಕರಗಿಸಿಬಿಟ್ಟಿದ್ದರು. 2025ರ ಜುಲೈನಲ್ಲಿ ಕಾಂಗ್ರೆಸ್ಸು ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ 110 ಕೋಟಿ ಡಾಲರನ್ನು ಹಿಂದಕ್ಕೆ ಪಡೆಯಿತು. ಅಂಥ ಒಬ್ಬರು ಈ ಸಲ ಸಿಗಲಿಲ್ಲ. ನಾನು ವರ್ಷ ವರ್ಷ ಕೊಡುತ್ತಿದ್ದ ದೇಣಿಗೆಯನ್ನು ಇಮ್ಮಡಿ ಮಾಡಿ ಕಳಿಸಿದೆ. ಲೋಟ ಬೇಡ ಎಂದು ಬರೆದೆ. ಬೀರುವಿನಲ್ಲಿ ಹದಿನಾಲ್ಕಿವೆ.

ಆ ಚೆಕ್ಕು ಬರೆಯಲು ಮೇಜಿನ ಅಡಿಯ ಡ್ರಾಯರು ತೆಗೆದಾಗಲೇ ಕ್ಯಾಸೆಟ್ಟು ಸಿಕ್ಕಿದ್ದು. ಮೇಲೆ ಮಗನ ಹತ್ತು ವರ್ಷದ ಕೈಬರಹ. ಅದನ್ನು ಅವನಿಗೇ ಕಳಿಸಿದೆ. ಅವನು ಯಾರಿಂದಲೋ ಸರಿಮಾಡಿಸಿ ಕಂಪ್ಯೂಟರಿಗೆ ಹಾಕಿಸಿಕೊಟ್ಟ. ಪಕ್ಕದ ಮನೆಯವರು ತೀರಿಕೊಂಡು ಬಹಳ ಕಾಲವಾಯಿತು. ಅವರ ಕಾರ್ಖಾನೆಯ ಜಾಗದಲ್ಲಿ 1999ರಿಂದ ಅಂಗಡಿಗಳ ಸಾಲು, ಹನ್ನೆರಡು ಹೊಗೆಗೊಳವೆಗಳು ಉಳಿದಿವೆ. ಕ್ಯಾಸೆಟ್ಟಿನಲ್ಲಿ ಅವರ ದನಿ ಮೊನ್ನೆ ಮಾತಾಡಿದ ಹಾಗಿದೆ. ಕುಲುಮೆಯ ಮುಂದಿನ ಸೆಕೆ, ಬಾಯಾರಿಕೆ, ಊಟದ ಡಬ್ಬಿ. ಹಾಗೆ ಹೇಳುತ್ತಿರುವಾಗ, ಇಪ್ಪತ್ತಮೂರನೆಯ ನಿಮಿಷದಲ್ಲಿ, ಪಾತ್ರೆಯ ಸದ್ದು. ಆಮೇಲೆ ಅಮ್ಮ.

"ಸಕ್ಕರೆ ಎಷ್ಟು ಅಂತ ಕೇಳೋ ಅವರನ್ನ."

"ಶ್, ಅಜ್ಜಿ, ರೆಕಾರ್ಡ್ ಆಗ್ತಿದೆ."

"ಆಗಲಿ ಬಿಡು. ಎರಡು ಚಮಚ ಹಾಕ್ತೀನಿ. ಬೆಂಕಿ ಮುಂದೆ ಬೆಂದ ಜೀವ."

ಹನ್ನೊಂದು ಸೆಕೆಂಡು. ನಮ್ಮ ಬಳಿ ಇರುವ ಅಮ್ಮನ ದನಿ ಅಷ್ಟೇ. ಕುಲುಮೆ, ಬೆಂಕಿ, ಸೆಕೆ, ಇವೆಲ್ಲ ಅವರಿಗೆ ಅರ್ಥವಾಗುತ್ತಿತ್ತು ಎಂದು ನನಗೆ ತಿಳಿದದ್ದೂ ಈಗಲೇ.

ಮೊಮ್ಮಗಳು ಥ್ಯಾಂಕ್ಸ್‌ಗಿವಿಂಗಿಗೆ ಬಂದಿದ್ದಳು. ಅವಳಿಗೆ ಕನ್ನಡ ಬಾರದು. ಆ ಹನ್ನೊಂದು ಸೆಕೆಂಡನ್ನು ನಾಲ್ಕೈದು ಸಲ ಹಾಕಿಸಿಕೊಂಡು ಕೇಳಿ, ಮುತ್ತಜ್ಜಿ ಏನೆನ್ನುತ್ತಿದ್ದಾರೆ ಎಂದಳು. ಹೇಳಿದೆ. ಕೊಬ್ಬರಿಯ ಕತೆಯನ್ನೂ ಹೇಳಿದೆ. ಅವಳು ತನ್ನ ಫೋನನ್ನು ಮೇಜಿನ ಮೇಲಿಟ್ಟು, ನಿಧಾನವಾಗಿ ಮೊದಲಿಂದ ಹೇಳು ಅಜ್ಜ ಎಂದಳು. ಶುರುಮಾಡಿದೆ. ಅಟ್ಟದ ಕೆಳಗೆ ಹೊಗೆ ಎಷ್ಟು ದಿನಕ್ಕೊಮ್ಮೆ ಹಾಕುತ್ತಿದ್ದರು, ಯಾವ ಸೌದೆಯಿಂದ ಹಾಕುತ್ತಿದ್ದರು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆ ದಿನ ನಾನು ಟಪಾಲು ನೋಡುತ್ತಿದ್ದೆ.